ರಸ್ತೆ ಕೆಳಗೆ ಸೋರುವ ನೀರು ಹಿಡಿಯೋದು ಹೇಗೆ?

ಗಂಗಾವತಿ: 2024ರ ಆಗಸ್ಟ್ 10ರ ರಾತ್ರಿ ಚೈನ್ ತುಂಡಾಗಿ ತುಂಗಭದ್ರಾ ಡ್ಯಾಂನ 19ನೇ ಕ್ರಸ್ಟ್‌ಗೇಟ್ ಕೊಚ್ಚಿ ಹೋಯಿತು. ವಿರೂಪಾಪುರಗಡ್ಡೆ ಬಳಸಿ ಹರಿದುಹೋದ ಆ ನೀರಿನ ಸುದ್ದಿ ಇಡೀ ರಾಜ್ಯಕ್ಕೇ ಗೊತ್ತಾಯಿತು. ಊರೊಳಗಿನ ಪೈಪ್‌ಲೈನ್ ಸೋರಿಕೆ ಹಾಗಲ್ಲ. ರಸ್ತೆ ಮೇಲೆ ಉಕ್ಕಿದರೆ ಯಾರಾದರೂ ಫೋನ್ ಮಾಡ್ತಾರೆ, ಇವತ್ತಲ್ಲ ನಾಳೆ ಅಗೀತಾರೆ. ಮಣ್ಣೊಳಗೇ ಇಂಗುವ ಸಣ್ಣ ಸೋರಿಕೆ ಮಾತ್ರ ವರ್ಷಗಟ್ಟಲೆ ನಡೆದೇ ಇರುತ್ತೆ. ನಿಮಿಷಕ್ಕೆ ಒಂದೇ ಲೀಟರ್ ಅಂದರೂ ದಿನಕ್ಕೆ 1,440 ಲೀಟರ್. ತಲೆಗೆ 135 ಲೀಟರ್ ಲೆಕ್ಕದಲ್ಲಿ ಅದು ಹತ್ತು ಮಂದಿಯ ನೀರು.

ಇದನ್ನು ಹಿಡಿಯುವ ಹೊತ್ತು ರಾತ್ರಿ 2ರಿಂದ 4. ಊರು ಮಲಗಿರುತ್ತೆ, ನಳ ಬಂದ್ ಇರ್ತಾವೆ. ಆಗಲೂ ವಾರ್ಡಿನ ಮೀಟರ್ ಜೋರಾಗಿ ತಿರುಗುತ್ತಿದ್ದರೆ ಬಹುಪಾಲು ಸೋರಿಕೆಯೇ. ಒಂದೊಂದೇ ವಾಲ್ವ್ ಮುಚ್ಚುತ್ತಾ ಹೋದರೆ ಯಾವ ಓಣಿ ಅಂತ ಗೊತ್ತಾಗುತ್ತೆ. ಆಮೇಲೆ ಪೈಪಿಗೆ ಕಬ್ಬಿಣದ ಸರಳು ತಾಗಿಸಿ ಕಿವಿಯಿಟ್ಟರೆ ನೀರು ನುಗ್ಗುವ ಸದ್ದು ಸಿಗುತ್ತೆ. ಪ್ಲಾಸ್ಟಿಕ್ ಪೈಪಿನಲ್ಲಿ ಸದ್ದು ದೂರ ಹೋಗಲ್ಲ, ಹುಡುಕೋದು ಕಷ್ಟ.

ಆದರೆ ಈ ಪರೀಕ್ಷೆಗೆ ಪೈಪಿನಲ್ಲಿ ರಾತ್ರಿ ನೀರಿರಬೇಕು. ನಾಲ್ಕೈದು ದಿನಕ್ಕೊಮ್ಮೆ ನೀರು ಬಿಡುವ ಊರಲ್ಲಿ ಎಲ್ಲಿಂದ ಬರಬೇಕು? ಅಲ್ಲಿ ಇನ್ನೊಂದು ಅಪಾಯವೂ ಇದೆ. ನೀರು ನಿಂತು ಒತ್ತಡ ಇಳಿದಾಗ ಅದೇ ತೂತಿನಿಂದ ಚರಂಡಿ ನೀರು ಒಳಗೆ ಸೇರುತ್ತೆ.

2008ರಲ್ಲಿ ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಯ ಕೆಲವು ವಾರ್ಡುಗಳಿಗೆ 24 ಗಂಟೆ ನೀರು ಬಂತು. ಅಲ್ಲಿ ಹಳೇ ಪೈಪಿಗೆ ತೇಪೆ ಹಾಕಲಿಲ್ಲ. ಮನೆ ಕನೆಕ್ಷನ್ ಸಮೇತ ಹೊಸ ಪೈಪ್ ಹಾಕಿ, ಮೀಟರ್ ಕೂರಿಸಿದರು. ಸೋರಿಕೆ ಹೆಚ್ಚಾಗಿ ಇರೋದೇ ಮನೆ ಕನೆಕ್ಷನ್ ಜೋಡಣೆಯಲ್ಲಿ.

ಮೀಟರ್ ಇರುವ ಮನೆಯವರು ನೀರು ಬರುವಾಗ ಎಲ್ಲ ನಳ ಬಂದ್ ಮಾಡಿ ನೋಡಬಹುದು. ಮುಳ್ಳು ತಿರುಗುತ್ತಿದ್ದರೆ ಸೋರಿಕೆ ಮೀಟರಿನಿಂದ ಈಚೆಗೆ, ಮನೆ ಕಡೆಯೇ ಇದೆ.