ಆನ್‌ಲೈನ್ ಜಾದೂ ಪ್ರದರ್ಶನ

ದೂರದ ಪ್ರೇಕ್ಷಕರಿಗೆ ಅಂತರಜಾಲದ ವಿಡಿಯೊ ಕರೆಯ ಮೂಲಕ ನೇರವಾಗಿ ತೋರಿಸುವ ಜಾದೂ. ದೂರದರ್ಶನದ ಜಾದೂ ಇದರ ಪೂರ್ವರೂಪ, 1956ರಲ್ಲಿ ಜಾದೂಗಾರ ಪಿ.ಸಿ. ಸರ್ಕಾರ್ ಬಿಬಿಸಿಯಲ್ಲಿ ಯುವತಿಯನ್ನು ಗರಗಸದಿಂದ ಕೊಯ್ದಂತೆ ತೋರಿಸಿದಾಗ ಗಾಬರಿಗೊಂಡ ವೀಕ್ಷಕರ ದೂರವಾಣಿ ಕರೆಗಳು ಮುತ್ತಿದವು. ಆನ್‌ಲೈನ್ ರೂಪ ವ್ಯಾಪಕವಾದದ್ದು 2020ರ ಕೊರೊನಾ ಕಾಲದಲ್ಲಿ. ಆ ವರ್ಷ ಲಾಸ್ ಏಂಜಲೀಸ್‌ನ ಗೆಫೆನ್ ಪ್ಲೇಹೌಸ್‌ಗಾಗಿ ಜಾದೂಗಾರ ಹೆಲ್ಡರ್ ಗಿಮರಾಯ್ಸ್ ಜೂಮ್‌ನಲ್ಲಿ ನಡೆಸಿದ ಪ್ರದರ್ಶನಕ್ಕೆ ಪ್ರೇಕ್ಷಕರ ಮನೆಗಳಿಗೆ ಮೊದಲೇ ಮೊಹರು ಮಾಡಿದ ಪೊಟ್ಟಣ ತಲುಪುತ್ತಿತ್ತು.

ಉತ್ತರ ಕರ್ನಾಟಕದಲ್ಲಿ ಕೈಚಳಕಕ್ಕೆ ಹೆಸರಾದ ಸುಡುಗಾಡು ಸಿದ್ಧರು ಸುತ್ತ ನೆರೆದ ಜನರ ನಡುವೆಯೇ ಆಡಬೇಕು. ಆನ್‌ಲೈನ್‌ನಲ್ಲಿ ಹಾಗಲ್ಲ, ಕ್ಯಾಮೆರಾ ಒಂದೇ ಬದಿ ತೋರಿಸುವುದರಿಂದ ಮರೆಮಾಚುವುದು ಸುಲಭ, ನಂಬಿಸುವುದು ಕಷ್ಟ. ಅದಕ್ಕೇ ಚಮತ್ಕಾರವನ್ನು ನೋಡುಗರ ಕೈಗೇ ಒಪ್ಪಿಸಲಾಗುತ್ತದೆ. ಉದಾಹರಣೆಗೆ, ಅವರು ತಮ್ಮದೇ ನಾಲ್ಕು ಇಸ್ಪೀಟ್ ಎಲೆಗಳನ್ನು ಅರ್ಧಕ್ಕೆ ಹರಿದು, ಹೇಳಿದಂತೆ ಜರುಗಿಸಿ, ಒಂದೊಂದೇ ಬಿಸಾಡುತ್ತಾರೆ. ಕೊನೆಗೆ ಉಳಿದ ಎರಡು ಅರ್ಧಗಳು ಒಂದೇ ಎಲೆಯವು. ಇಲ್ಲಿ ಕೆಲಸ ಮಾಡುವುದು ಗಣಿತದ ಕ್ರಮ. ಧ್ವನಿ ತಡವಾಗಿ ತಲುಪುವುದೂ ಚಪ್ಪಾಳೆ ಕೇಳಿಸದಿರುವುದೂ ಈ ರೂಪದ ದೊಡ್ಡ ಕೊರತೆಗಳು. ಆದರೂ ಸಭಾಂಗಣವಿಲ್ಲದ ಊರಿನ ಕಲಾವಿದನಿಗೆ ಮೊಬೈಲೇ ರಂಗವಾಗಬಲ್ಲದು.