ವಚನ ಯಾರಿಗೆ ಕೊಟ್ಟ ಉತ್ತರ?

ವಚನವೆಂದರೆ ಇಂದು ನಮಗೆ ಒಂಟಿ ಮಾತು. ಶಾಲೆಯ ಗೋಡೆಯ ಮೇಲೆ, ಕಚೇರಿಯ ಫಲಕದಲ್ಲಿ, ಭಾಷಣದ ಆರಂಭದಲ್ಲಿ ಅದು ತನ್ನಷ್ಟಕ್ಕೆ ತಾನು ಪೂರ್ಣವಾದ ನುಡಿಯಾಗಿ ನಿಲ್ಲುತ್ತದೆ. ಕೊನೆಯ ಅಂಕಿತ ನೋಡಿ ಇದು ಬಸವಣ್ಣನದು, ಇದು ಅಕ್ಕನದು ಎಂದು ಗುರುತಿಸಿ ಮುಂದೆ ಹೋಗುತ್ತೇವೆ. ಈ ಓದಿನ ರೂಢಿಗೆ ನೂರು ವರ್ಷವಷ್ಟೇ ವಯಸ್ಸು. ವಿಜಯಪುರದ ವಕೀಲ ಫ. ಗು. ಹಳಕಟ್ಟಿಯವರು ಮಠ-ಮನೆಗಳಲ್ಲಿ ಕಟ್ಟಿಟ್ಟಿದ್ದ ತಾಳೆಗರಿಗಳನ್ನು ಹುಡುಕಿ ತಂದು 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಪ್ರಕಟಿಸಿದಾಗ ವಚನಗಳನ್ನು ವಿಷಯವಾರು ವಿಂಗಡಿಸಿದ್ದರು. 1993ರಲ್ಲಿ ರಾಜ್ಯ ಸರ್ಕಾರ ಹೊರತಂದ ಹದಿನೈದು ಸಂಪುಟಗಳ ಸಮಗ್ರ ವಚನ ಸಾಹಿತ್ಯ ಅವನ್ನು ವಚನಕಾರರ ಹೆಸರಿನಡಿ ಜೋಡಿಸಿತು. ಮನೆ ಮಾರಿ ಮುದ್ರಣಾಲಯ ನಡೆಸಿದ ಹಳಕಟ್ಟಿಯವರ ಋಣವನ್ನಾಗಲಿ, ಸಂಪುಟಗಳ ಹಿಂದಿನ ವಿದ್ವಾಂಸರ ಶ್ರಮವನ್ನಾಗಲಿ ಕನ್ನಡಿಗರು ತೀರಿಸಲಾರರು. ಆದರೆ ವಿಷಯವಾರು, ಕರ್ತೃವಾರು ಎಂಬ ಈ ಎರಡು ಜೋಡಣೆಗಳಲ್ಲಿ ಒಂದು ಕಳೆದುಹೋಯಿತು: ಎದುರಿಗೆ ಕೂತಿದ್ದವರು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ವಚನ ಬಹುಪಾಲು ಯಾರೋ ಕೇಳಿದ್ದಕ್ಕೆ ಕೊಟ್ಟ ಉತ್ತರವಾಗಿತ್ತು, ಇಲ್ಲವೇ ಉತ್ತರ ಬೇಡುವ ಪ್ರಶ್ನೆಯಾಗಿತ್ತು. ಹಾಗೆ ಓದಿದಾಗ ಮಾತ್ರ ಆ ಶರಣ ಚಳವಳಿಯ ಹೊಸತನ ಎಲ್ಲಿತ್ತೆಂಬುದು ತಿಳಿಯುತ್ತದೆ ಎಂಬುದು ನನ್ನ ವಾದ.

ಇದಕ್ಕೆ ಸಾಕ್ಷಿ ವಚನಗಳೊಳಗೇ ಇದೆ. ಅಲ್ಲಮನ ವಚನಗಳಲ್ಲಿ ಎಷ್ಟೋ ‘ಕಾಣಾ ಸಂಗನಬಸವಣ್ಣಾ’, ‘ಕಾಣಾ ಸಿದ್ಧರಾಮಯ್ಯಾ’ ಎಂದು ಕರೆದು ಹೇಳಿದಂಥವು. ಬಸವಣ್ಣ ಪ್ರಭುವನ್ನು ಕರೆಯುತ್ತಾನೆ, ಚನ್ನಬಸವಣ್ಣ ಅಕ್ಕನ ಪರವಾಗಿ ಮಾತಾಡುತ್ತಾನೆ, ಸಿದ್ಧರಾಮ ಮಡಿವಾಳ ಮಾಚಯ್ಯನನ್ನು ನೆನೆಯುತ್ತಾನೆ. ದೇವರ ಅಂಕಿತದ ಜೊತೆಗೆ ಬದುಕಿರುವ ಒಬ್ಬ ಮನುಷ್ಯನ ಹೆಸರು ಬರುವ ಈ ಪದ್ಧತಿ ಅದಕ್ಕೂ ಹಿಂದಿನ ಕನ್ನಡ ಕಾವ್ಯದಲ್ಲಿ ಹೀಗೆ ಕಾಣುವುದಿಲ್ಲ. ಅಲ್ಲಿ ಕವಿ ಅರಸನನ್ನು ಹೊಗಳುತ್ತಾನೆ, ಪೂರ್ವಕವಿಗಳನ್ನು ಸ್ಮರಿಸುತ್ತಾನೆ. ಸಮಕಾಲೀನನಾದ ಅಗಸನನ್ನೋ ಹಗ್ಗ ಹೊಸೆಯುವವನನ್ನೋ ಹೆಸರು ಹಿಡಿದು ಕರೆದು ವಾದಕ್ಕೆ ಕೂರುವುದಿಲ್ಲ. ಹದಿನೈದನೆಯ ಶತಮಾನದ ಮೊದಲ ಭಾಗದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯ ‘ಶೂನ್ಯಸಂಪಾದನೆ’ಯನ್ನು ಕಟ್ಟಿದ್ದು ಈ ಕರೆಯುವ ಪದಗಳ ಜಾಡು ಹಿಡಿದೇ. ಚದುರಿದ್ದ ವಚನಗಳನ್ನು ಆತ ಪ್ರಶ್ನೆ ಮತ್ತು ಉತ್ತರಗಳಾಗಿ ಎದುರುಬದುರು ಇಟ್ಟು, ನಡುವೆ ಗದ್ಯದಲ್ಲಿ ಸಂದರ್ಭ ಹೆಣೆದ.

ಇಲ್ಲಿ ಗಟ್ಟಿಯಾದ ಆಕ್ಷೇಪವೊಂದು ಏಳುತ್ತದೆ. ಬಸವಣ್ಣನಿಗೂ ಶೂನ್ಯಸಂಪಾದನೆಗೂ ನಡುವೆ ಸುಮಾರು ಎರಡೂವರೆ ಶತಮಾನದ ಅಂತರವಿದೆ. ಕಾಲದಲ್ಲಿ ಅದಕ್ಕಿಂತ ಹತ್ತಿರದವರಾದ ಹರಿಹರನಾಗಲಿ, ತೆಲುಗಿನ ಪಾಲ್ಕುರಿಕೆ ಸೋಮನಾಥನಾಗಲಿ ಶರಣರು ಕೂಡಿ ಚರ್ಚಿಸುತ್ತಿದ್ದರೆನ್ನುವ ಅನುಭವಮಂಟಪ ಎಂಬ ಹೆಸರಿನ ಸಭೆಯನ್ನು ಬಣ್ಣಿಸುವುದಿಲ್ಲ. 1260ರ ಅರ್ಜುನವಾಡ ಶಾಸನ ಬಸವಣ್ಣನನ್ನು ಹೆಸರಿಸುತ್ತದೆ, ಮಂಟಪದ ಮಾತೆತ್ತುವುದಿಲ್ಲ. ಹೀಗಿರುವಾಗ ಆ ಸಂವಾದಗಳು ವಿಜಯನಗರ ಕಾಲದ ವಿರಕ್ತರ ಕಲ್ಪನೆಯಲ್ಲವೇ? ಸಭೆಯ ಕಟ್ಟಡ, ಅಲ್ಲಮನ ಪೀಠವಾದ ಶೂನ್ಯಸಿಂಹಾಸನ, ಮಾತಿನ ಸರದಿ ಇವು ಸಂಕಲನಕಾರರ ರಚನೆ ಎಂದು ಒಪ್ಪಲು ನನಗೆ ಸಂಕೋಚವಿಲ್ಲ. ಅವರು ತಮ್ಮ ಕಾಲದ ಜಗಳಗಳನ್ನೂ ಅದರೊಳಕ್ಕೆ ತಂದರು. ಮಹಾದೇವಯ್ಯನ ಕೃತಿಯಲ್ಲಿ ಸಿದ್ಧರಾಮನಿಗೆ ಇಷ್ಟಲಿಂಗ ದೀಕ್ಷೆಯಾದ ಪ್ರಸಂಗವಿರಲಿಲ್ಲ. ಅದಿಲ್ಲದಿರುವುದು ಸರಿಯಲ್ಲವೆಂದು ಹಲಗೆಯಾರ್ಯ ಆ ಪ್ರಸಂಗ ಸೇರಿಸಿ ಪರಿಷ್ಕರಿಸಿದ. ಆಮೇಲೆ ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣ್ಣೊಡೆಯ ಮತ್ತೆ ತಿದ್ದಿದರು. ಆದರೆ ಜೋಡಣೆ ತಡವಾದದ್ದು ಎಂದ ಮಾತ್ರಕ್ಕೆ ಜೋಡಿಸಿದ ತುಣುಕುಗಳ ಸ್ವಭಾವ ಬದಲಾಗುವುದಿಲ್ಲ. ‘ಹೇಳಯ್ಯಾ’ ಎನ್ನುವ ವಚನ ಯಾವ ಸಂಕಲನದಲ್ಲಿದ್ದರೂ ಕೇಳುಗನನ್ನು ಬೇಡುತ್ತದೆ. ಮೂರು ಪರಿಷ್ಕರಣೆಗಳು ಬಂದದ್ದಂತೂ ನನ್ನ ವಾದಕ್ಕೆ ಬಲವನ್ನೇ ಕೊಡುತ್ತದೆ. ಹಿಂದಿನವರ ವಾದ ಮುಗಿದಿಲ್ಲ, ಅದರಲ್ಲಿ ತಾವೂ ಸೇರಬಹುದು ಎಂದು ಈ ವಿರಕ್ತರು ನಂಬಿದ್ದರು.

ಇನ್ನು, ಶರಣರು ಮಾತಾಡಿದ್ದೇನು? ಬರಿಯ ಆರು ಹಂತಗಳ ಸಾಧನೆಯ, ಅಂದರೆ ಷಟ್‌ಸ್ಥಲದ ತತ್ತ್ವ, ಅದಕ್ಕೂ ಊರಿನ ಬದುಕಿಗೂ ನಂಟಿಲ್ಲ ಎನ್ನುವವರಿದ್ದಾರೆ. ಆದರೆ ಶೂನ್ಯಸಂಪಾದನೆಯ ಪ್ರಸಂಗಗಳನ್ನು ಒಂದೊಂದಾಗಿ ನೋಡಿದರೆ ಸಂವಾದ ಶುರುವಾಗುವುದೇ ಕೈಯಲ್ಲಿರುವ ಕೆಲಸದಿಂದ. ಸೊನ್ನಲಿಗೆಯಲ್ಲಿ, ಅಂದರೆ ಇಂದಿನ ಸೊಲ್ಲಾಪುರದಲ್ಲಿ, ಸಿದ್ಧರಾಮ ಕೆರೆ ಕಟ್ಟಿಸುತ್ತಿದ್ದಾನೆ. ಅಲ್ಲಮ ಅಲ್ಲಿಗೆ ಬಂದು ಅವನನ್ನು ಒಡ್ಡನೆಂದೇ ಕರೆಯುತ್ತಾನೆ. ಕೆಲಸದವರು ಸಿಟ್ಟಿಗೆದ್ದು ಕಲ್ಲೆಸೆಯುತ್ತಾರೆ. ಆಮೇಲಿನ ವಾದವೆಲ್ಲ ಕೆರೆಯದೇ: ಲೋಕಕ್ಕೆ ನೀರು ಕೊಡುವ ಕೆಲಸ ಮಾಡಿಸಿದವನನ್ನು ಬಿಡುಗಡೆಗೆ ಒಯ್ಯುತ್ತದೆಯೋ, ನಾನು ಮಾಡಿಸಿದೆ ಎಂಬ ಹೆಮ್ಮೆಯಲ್ಲಿ ಕಟ್ಟಿಹಾಕುತ್ತದೆಯೋ? ಸಾರ್ವಜನಿಕ ಸೇವೆಯಲ್ಲಿರುವ ಯಾರಿಗಾದರೂ ಇದಕ್ಕಿಂತ ಹರಿತವಾದ ಪ್ರಶ್ನೆ ಕೇಳಲಾಗದು. ನುಲಿಯ ಚಂದಯ್ಯನ ಪ್ರಸಂಗ ಇನ್ನೂ ವಿಚಿತ್ರ. ಹಗ್ಗಕ್ಕೆ ಹುಲ್ಲು ಕೊಯ್ಯುವಾಗ ಅವನ ಇಷ್ಟಲಿಂಗ ನೀರಿಗೆ ಜಾರುತ್ತದೆ. ಅವನು ಅದನ್ನೆತ್ತದೆ ಕೆಲಸ ಮುಂದುವರಿಸುತ್ತಾನೆ. ಲಿಂಗಕ್ಕೂ ಅವನಿಗೂ ನಡುವೆ ಮಡಿವಾಳ ಮಾಚಯ್ಯ ಸಂಧಾನಕ್ಕೆ ಬಂದರೆ, ಲಿಂಗವೂ ಕಾಯಕ ಮಾಡಲಿ, ಹಗ್ಗ ಮಾರಿ ಬರಲಿ ಎಂಬುದು ಚಂದಯ್ಯನ ಷರತ್ತು. ಗುರುವಿಗೂ ಲಿಂಗಕ್ಕೂ ಜಂಗಮಕ್ಕೂ ದುಡಿಮೆಯಿಂದ ವಿನಾಯಿತಿಯಿಲ್ಲ ಎಂಬ ನಿಲುವಿದು. ದುಡಿಯುವ ಜಾತಿಗಳನ್ನು ಕೀಳೆಂದ ಸಮಾಜದಲ್ಲಿ ಹಗ್ಗ ಹೊಸೆಯುವವನೊಬ್ಬ ದೇವರನ್ನೇ ದುಡಿಮೆಗೆ ಹಚ್ಚುವ ಮಾತಾಡಿದ. ಆ ಮಾತನ್ನು ಯಾರೂ ಧರ್ಮದ್ರೋಹವೆಂದು ತಳ್ಳಿಹಾಕಲಿಲ್ಲ, ಎದುರು ಕೂತು ವಾದಿಸಿದರು. ಅಲ್ಲಮ ಅವನಿಗೆ ಕಾಯಕದ ಮೇಲಿನ ಮಮತೆಯೂ ಒಂದು ಮಮತೆಯೇ ಎಂದು ತೋರಿಸಲು ಯತ್ನಿಸುತ್ತಾನೆ. ಹೀಗೆ ದುಡಿಮೆಯನ್ನು ಬರಿದೆ ಹೊಗಳಿ ಬಿಡದೆ ಒರೆಗೆ ಹಚ್ಚಿದ್ದರಿಂದಲೇ ಇದನ್ನು ನಾನು ಚಿಂತನೆ ಎನ್ನುತ್ತೇನೆ.

ಜಗತ್ತಿನ ಮೊದಲ ಸಂಸತ್ತು ಎಂಬ ಬಿರುದನ್ನು ಈಚಿನ ವರ್ಷಗಳಲ್ಲಿ ಅನುಭವಮಂಟಪಕ್ಕೆ ಧಾರಾಳವಾಗಿ ಕೊಡಲಾಗುತ್ತಿದೆ. ಬಸವಕಲ್ಯಾಣದಲ್ಲಿ 2021ರಲ್ಲಿ ಹೊಸ ಭವ್ಯ ಮಂಟಪಕ್ಕೆ ಅಡಿಗಲ್ಲೂ ಬಿತ್ತು. ಪ್ರೀತಿಯಿಂದ ಕೊಟ್ಟ ಬಿರುದಾದರೂ ಅದು ಹೊಂದುವುದಿಲ್ಲ. ಸಂಸತ್ತು ಕಾನೂನು ಮಾಡುತ್ತದೆ, ಮತ ಎಣಿಸುತ್ತದೆ, ಅದರ ತೀರ್ಪಿನ ಹಿಂದೆ ಅಧಿಕಾರವಿರುತ್ತದೆ. ಶರಣರ ಕೂಟಕ್ಕೆ ಅದಾವುದೂ ಇರಲಿಲ್ಲ. ಹರಳಯ್ಯ ಮತ್ತು ಮಧುವರಸರ ಮಕ್ಕಳ ಜಾತಿ ಮೀರಿದ ಮದುವೆಯ ಕಾರಣಕ್ಕೆ ಕಲ್ಯಾಣದ ಅರಸ ಬಿಜ್ಜಳನ ಆಳ್ವಿಕೆ ಆ ಇಬ್ಬರನ್ನೂ ಕೊಲ್ಲಿಸಿತೆಂದು ಪರಂಪರೆ ಹೇಳುತ್ತದೆ. ಆಗ ಯಾವ ಸಂವಾದವೂ ಅವರನ್ನು ಉಳಿಸಲಿಲ್ಲ. ಶರಣರು ಕಲ್ಯಾಣ ಬಿಟ್ಟು ಚದುರಿದರು. ಅಧಿಕಾರವಿಲ್ಲದೆ ಇಷ್ಟು ನಿರ್ಭಯವಾಗಿ ಮಾತಾಡಿದ್ದೇ ಅವರ ಹಿರಿಮೆಯಾಗಿರುವಾಗ, ಇಲ್ಲದ ಅಧಿಕಾರವನ್ನು ಆರೋಪಿಸಿ ಗೌರವಿಸುವ ಅಗತ್ಯ ನನಗೆ ಕಾಣುವುದಿಲ್ಲ.

ಕೊನೆಯ ಆಕ್ಷೇಪ ಎಲ್ಲಕ್ಕಿಂತ ಕಠಿಣವಾದದ್ದು. ಈ ಸಂವಾದಗಳಲ್ಲಿ ಗೆಲ್ಲುವವನು ಯಾವಾಗಲೂ ಅಲ್ಲಮನೇ. ಆದ್ದರಿಂದ ಇದು ಗುರು ಶಿಷ್ಯನಿಗೆ ಪಾಠ ಹೇಳುವ ಹಳೆಯ ಕ್ರಮವೇ ಹೊರತು ಸಮಾನರ ಚರ್ಚೆಯಲ್ಲ ಎಂಬುದು. ಶೂನ್ಯಸಂಪಾದನೆಯ ಕಥಾನಾಯಕ ಅಲ್ಲಮನೆಂಬುದೂ, ಪ್ರತಿ ಅಧ್ಯಾಯದ ಕೊನೆಗೆ ತೂಕ ಅವನ ಕಡೆಗೇ ವಾಲುತ್ತದೆಂಬುದೂ ನಿಜ. ಆದರೆ ಹೆಂಗಸರು ಮಾತಾಡುವ ಕಡೆ ಆ ತೂಕ ಅಲುಗಾಡುತ್ತದೆ. ಬಟ್ಟೆ ಬಿಟ್ಟವಳು ಕೂದಲಿನಿಂದ ಮೈಯನ್ನೇಕೆ ಮರೆಮಾಡಿಕೊಂಡೆ ಎಂದು ಅಲ್ಲಮ ಅಕ್ಕನನ್ನು ಕೇಳುತ್ತಾನೆ. ಮರೆ ತನಗಾಗಿ ಅಲ್ಲ, ನೋಡುವವರಿಗೆ ನೋವಾದೀತೆಂದು ಎಂಬ ಅರ್ಥದ ಉತ್ತರ ಕೊಟ್ಟು ಅವಳು ಪ್ರಶ್ನೆಯನ್ನು ಕೇಳಿದವರ ಕಣ್ಣಿಗೇ ಹಿಂತಿರುಗಿಸುತ್ತಾಳೆ. ಅಲ್ಲಮನ ಮಾತು ಕೇಳುತ್ತ ಆಯ್ದಕ್ಕಿ ಮಾರಯ್ಯ ಅಕ್ಕಿ ಆಯುವ ತನ್ನ ಕೆಲಸ ಮರೆತಾಗ ಎಚ್ಚರಿಸುವವಳು ಹೆಂಡತಿ ಲಕ್ಕಮ್ಮ: ಕಾಯಕ ನಿಂತಿದೆ, ಹೋಗು. ಎಂಥ ಜ್ಞಾನಿಯ ಮಾತೂ ದಿನದ ಅಕ್ಕಿಗಿಂತ ದೊಡ್ಡದಲ್ಲವೆಂಬುದು ಅವಳ ನಿಲುವು. ಅವನು ಹೆಚ್ಚು ಅಕ್ಕಿ ತಂದಾಗ ಆ ಆಸೆ ಅರಸರಿಗಿರಲಿ ಎಂದು ಹಿಂದಕ್ಕೆ ಸುರಿದು ಬರಲು ಕಳಿಸುವವಳೂ ಅವಳೇ. ಅಣ್ಣ ಅಜಗಣ್ಣನನ್ನು ಕಳೆದುಕೊಂಡು ಅಳುತ್ತಿದ್ದ ಮುಕ್ತಾಯಕ್ಕನಂತೂ ಸಮಾಧಾನ ಹೇಳಲು ಬಂದ ಅಲ್ಲಮನ ನಿಲುವಿನ ಬುಡಕ್ಕೇ ಕೈ ಹಾಕುತ್ತಾಳೆ. ಅಣ್ಣ ಅರಿವನ್ನು ಒಳಗೇ ಇಟ್ಟುಕೊಂಡು ಮೌನವಾಗಿದ್ದ. ತನ್ನನ್ನು ತಾನು ಅರಿತವನಾದರೆ ನೀನಿನ್ನೂ ಮಾತಾಡುತ್ತಿರುವುದೇಕೆ ಎಂಬುದು ಅವಳ ವಾದದ ತಿರುಳು. ಅಲ್ಲಮ ಒಂದೇ ವಚನದಲ್ಲಿ ಇದಕ್ಕೆ ಉತ್ತರಿಸಲಾರ. ಅರಿತವನ ಮಾತಿಗೂ ಅರಿಯದವನ ಮಾತಿಗೂ ಇರುವ ಅಂತರವನ್ನು ಅವನು ಮತ್ತೆ ಮತ್ತೆ ಬೇರೆ ಬೇರೆ ರೀತಿಯಲ್ಲಿ ವಿವರಿಸಬೇಕಾಗುತ್ತದೆ. ಅವಳು ಪ್ರತಿ ಸಲವೂ ಇನ್ನೊಂದು ಸಂದೇಹ ಮುಂದಿಡುತ್ತಾಳೆ. ಅಲ್ಲಮನ ಅತ್ಯಂತ ಸೂಕ್ಷ್ಮವಾದ ಕೆಲವು ವಚನಗಳು ಈ ಒತ್ತಡದಲ್ಲಿ ಹುಟ್ಟಿದವುಗಳಾಗಿ ಅಲ್ಲಿ ನಿಂತಿವೆ. ಕರ್ತೃವಾರು ಸಂಪುಟದಲ್ಲಿ ಅವು ಅಲ್ಲಮನ ಭಾಗಕ್ಕೆ ಸೇರಿವೆ, ಮುಕ್ತಾಯಕ್ಕನವು ಬೇರೆ ಕಡೆ ಇವೆ. ಎರಡನ್ನೂ ಪಕ್ಕಪಕ್ಕದಲ್ಲಿ ತೆರೆದಿಟ್ಟುಕೊಂಡು ಓದುವ ಕೆಲಸ ಓದುಗರಿಗೇ ಬಿಟ್ಟದ್ದು.