ಗರ್ಭಪಾತ ಕಾನೂನು: ಹಾವೇರಿ ಸೀಮೆಯ ಇತಿಹಾಸ

ಬಸಿರನ್ನು ಎಷ್ಟು ವಾರದೊಳಗೆ, ಎಲ್ಲಿ, ಯಾರ ಒಪ್ಪಿಗೆಯ ಮೇಲೆ ತೆಗೆಸಬಹುದು ಎಂದು ಹೇಳುವ ಕಾನೂನು ಭಾರತದಲ್ಲಿ ಕೇಂದ್ರ ಸರ್ಕಾರದ್ದು. 1971ರಲ್ಲಿ ಬಂದ ಈ ಕಾಯಿದೆಯನ್ನು ದವಾಖಾನೆಯವರು ಎಂಟಿಪಿ ಕಾಯಿದೆ ಎನ್ನುತ್ತಾರೆ. ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಗಳಿಗೂ ದೇಶದ ಉಳಿದೆಲ್ಲ ಊರುಗಳಿಗೂ ಇದು ಒಂದೇ. ಅಮೆರಿಕದಲ್ಲಿ ಈಗ ಹಾಗಿಲ್ಲ. ಅಲ್ಲಿನ ಸುಪ್ರೀಂ ಕೋರ್ಟ್ 2022ರ ಜೂನ್ 24ರಂದು ಡಾಬ್ಸ್ ಪ್ರಕರಣದಲ್ಲಿ, ಗರ್ಭಪಾತವನ್ನು ಹಕ್ಕೆಂದಿದ್ದ 1973ರ ರೋ ತೀರ್ಪನ್ನು ರದ್ದು ಮಾಡಿ, ಗರ್ಭಪಾತದ ವಿಷಯವನ್ನು ರಾಜ್ಯಗಳ ಕೈಗೆ ಬಿಟ್ಟಿತು. ಕೇಂದ್ರದ ರಕ್ಷಣೆ ಇಲ್ಲದೆ ರಾಜ್ಯಕ್ಕೊಂದು ಕಾನೂನಾದರೆ ಹೆಂಗಸರ ಗತಿ ಏನು ಎಂಬ ಪ್ರಶ್ನೆ ಆಗ ಎಲ್ಲೆಡೆ ಎದ್ದಿತು. ಹಾವೇರಿ ಸೀಮೆ ಇದನ್ನು ಹಿಂದೆಯೇ ಕಂಡಿದೆ. ತುಂಗಭದ್ರೆಯ ಒಂದು ದಡದಲ್ಲಿ ಒಂದು ಸರ್ಕಾರ, ಇನ್ನೊಂದು ದಡದಲ್ಲಿ ಇನ್ನೊಂದು ಸರ್ಕಾರ ಇದ್ದ ಕಾಲವೊಂದಿತ್ತು. ದೇಶಕ್ಕೆಲ್ಲ ಒಂದೇ ಕಾನೂನು ಬಂದ ಮೇಲೂ ಅದರ ಫಲ ಊರಿಂದೂರಿಗೆ ಬೇರೆಯಾಗಿಯೇ ಸಿಗುತ್ತಿದೆ.

ಹೊಳೆಯ ಆಚೆ, ಈಚೆ

1818ರಲ್ಲಿ ಪೇಶ್ವೆ ಆಳ್ವಿಕೆ ಮುಗಿದ ಮೇಲೆ ಈ ಸೀಮೆ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. ಧಾರವಾಡ ಜಿಲ್ಲೆಯ ಭಾಗವಾಗಿ 1956ರವರೆಗೆ ಮುಂಬಯಿ ಆಡಳಿತದಲ್ಲಿಯೇ ಇತ್ತು. 1860ರ ಭಾರತೀಯ ದಂಡ ಸಂಹಿತೆ 1862ರ ಜನವರಿ 1ರಂದು ಜಾರಿಗೆ ಬಂದಾಗ ಗರ್ಭಪಾತ ಇಲ್ಲಿ ಲಿಖಿತ ಅಪರಾಧವಾಯಿತು. 312ನೆಯ ಕಲಮಿನ ಪ್ರಕಾರ ಬಸಿರು ತೆಗೆದವರಿಗೆ ಮೂರು ವರ್ಷದವರೆಗೆ ಸಜೆ. ಹೊಟ್ಟೆಯೊಳಗೆ ಕೂಸು ಮಿಸುಕಾಡತೊಡಗಿದ್ದರೆ ಏಳು ವರ್ಷದವರೆಗೆ. ತನ್ನ ಬಸಿರನ್ನು ತಾನೇ ಕಳೆದುಕೊಂಡ ಹೆಂಗಸೂ ಅಪರಾಧಿಯೇ ಎಂದು ಕಲಮಿನ ವಿವರಣೆ ಬಿಡಿಸಿ ಹೇಳಿತ್ತು. ತಾಯಿಯ ಜೀವ ಉಳಿಸಲು ಸದ್ಭಾವನೆಯಿಂದ ಮಾಡಿದ್ದಕ್ಕೆ ಮಾತ್ರ ವಿನಾಯಿತಿ ಇತ್ತು.

ಈ ಕಲಮಿನ ಹೊರೆ ಹೆಚ್ಚು ಬಿದ್ದದ್ದು ವಿಧವೆಯರ ಮೇಲೆ. ಎಳೆ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು, ಮರುಮದುವೆಗೆ ಜಾತಿಯ ಅಡ್ಡಿಯೂ ಇದ್ದು, ಮನೆಯ ಗಂಡಸರಿಂದಲೇ ಬಸಿರಾದವರಿಗೆ ಊರಿನ ಬಹಿಷ್ಕಾರ ಒಂದು ಕಡೆ, ಸರ್ಕಾರದ ಸೆರೆಮನೆ ಇನ್ನೊಂದು ಕಡೆ. ಇಂಥವರು ಗುಟ್ಟಾಗಿ ಹೆತ್ತು ಹೋಗಲೆಂದು ಜೋತಿಬಾ ಮತ್ತು ಸಾವಿತ್ರಿಬಾಯಿ ಫುಲೆ 1863ರಲ್ಲಿ ಪುಣೆಯಲ್ಲಿ ಬಾಲಹತ್ಯೆ ತಡೆಯುವ ಆಶ್ರಯಮನೆ ತೆರೆದರು. 1881ರಲ್ಲಿ ಸೂರತ್ತಿನ ವಿಜಯಲಕ್ಷ್ಮಿ ಎಂಬ ಎಳೆಯ ವಿಧವೆಗೆ, ತನಗೆ ಹುಟ್ಟಿದ ಕೂಸನ್ನು ಕೊಂದ ಆರೋಪದ ಮೇಲೆ, ಗಲ್ಲು ಶಿಕ್ಷೆಯಾಯಿತು. ಮೇಲ್ಮನವಿಯಲ್ಲಿ ಅದು ಇಳಿಯಿತು. ಬಸಿರು ಮಾಡಿದ ಗಂಡಸು ಎಲ್ಲಿದ್ದಾನೆ ಎಂದು ಸಿಟ್ಟಿನಿಂದ ಕೇಳುತ್ತ ತಾರಾಬಾಯಿ ಶಿಂದೆ 1882ರಲ್ಲಿ ಮರಾಠಿಯಲ್ಲಿ ‘ಸ್ತ್ರೀ ಪುರುಷ ತುಲನಾ’ ಬರೆದರು. ಪುಣೆ, ಸೂರತ್, ರಾಣೇಬೆನ್ನೂರು ಮೂರೂ ಆಗ ಒಂದೇ ಪ್ರಾಂತ್ಯದ ಊರುಗಳು. ಮೂರಕ್ಕೂ ಒಂದೇ ದಂಡ ಸಂಹಿತೆ.

ರಾಣೇಬೆನ್ನೂರು ತಾಲ್ಲೂಕಿನಿಂದ ಹೊಳೆ ದಾಟಿದರೆ ಹರಿಹರ. ಅದು ಮೈಸೂರು ಸಂಸ್ಥಾನದ ನೆಲ. ಗರ್ಭಪಾತ ಅಲ್ಲಿಯೂ ಅಪರಾಧವೇ. ಆದರೆ ಹೆಣ್ಣು ಯಾವಾಗ ಬಸಿರಾಗಬೇಕು, ಆಗದಿರಲು ದಾರಿ ಇದೆಯೇ ಎಂಬ ವಿಷಯಗಳಲ್ಲಿ ಎರಡು ದಡಗಳು ಬೇರೆ ಬೇರೆ. ಮೈಸೂರು 1894ರಲ್ಲೇ ಎಂಟು ವರ್ಷದೊಳಗಿನ ಹುಡುಗಿಯರ ಮದುವೆ ನಿಷೇಧಿಸಿತ್ತು. ಬ್ರಿಟಿಷ್ ಭಾರತಕ್ಕೆ ಅಂಥ ಕಾನೂನು ಬರಲು 1930ರ ಏಪ್ರಿಲ್ ಆಗಬೇಕಾಯಿತು. ಆಗ ಬಂದ ಶಾರದಾ ಕಾಯಿದೆ ಹುಡುಗಿಯ ಮದುವೆಗೆ ಹದಿನಾಲ್ಕು ವರ್ಷ ಗೊತ್ತುಮಾಡಿತು. ಅದು ರಾಣೇಬೆನ್ನೂರಿಗೆ ಅನ್ವಯಿಸಿತು, ಹರಿಹರಕ್ಕೆ ಇಲ್ಲ. ಮೊದಲು ಮುಂದಿದ್ದ ದಡ ಹೀಗೆ ಹಿಂದೆ ಬಿತ್ತು. ಅದೇ 1930ರಲ್ಲಿ ಮೈಸೂರು ಸರ್ಕಾರ ತನ್ನ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಕೇಂದ್ರಗಳನ್ನು ತೆರೆಯಿತು. ಸರ್ಕಾರವೇ ನಡೆಸಿದ ಇಂಥ ಕೇಂದ್ರಗಳಲ್ಲಿ ಇವು ಜಗತ್ತಿನಲ್ಲೇ ಮೊದಲನೆಯವು ಎಂದು ಹೆಸರಾಗಿವೆ. ಮುಂಬಯಿ ಪ್ರಾಂತ್ಯದಲ್ಲಾದರೋ 1921ರಿಂದ ಖಾಸಗಿಯಾಗಿ ಇಂಥದೇ ಕೆಲಸ ಮಾಡುತ್ತ ‘ಸಮಾಜಸ್ವಾಸ್ಥ್ಯ’ ಪತ್ರಿಕೆ ನಡೆಸುತ್ತಿದ್ದ ರಘುನಾಥ ಧೋಂಡೊ ಕರ್ವೆ ಅವರನ್ನು ಅಶ್ಲೀಲತೆಯ ಆರೋಪ ಹೊರಿಸಿ ಕೋರ್ಟಿಗೆ ಎಳೆಯಲಾಯಿತು.

1971ರ ಕಾಯಿದೆ

ಸ್ವಾತಂತ್ರ್ಯ ಬಂದರೂ ದಂಡ ಸಂಹಿತೆ ಹಾಗೆಯೇ ಉಳಿಯಿತು. ಕದ್ದು ಮಾಡಿಸಿಕೊಂಡ ಗರ್ಭಪಾತಗಳಿಂದ ಸಾಯುವವರನ್ನು ಕಂಡ ವೈದ್ಯರ ಒತ್ತಾಯವೂ, ಜನಸಂಖ್ಯೆ ತಗ್ಗಿಸಬೇಕೆಂಬ ಸರ್ಕಾರದ ಆತುರವೂ ಕೂಡಿಬಂದು 1964ರಲ್ಲಿ ಶಾಂತಿಲಾಲ್ ಶಾ ಸಮಿತಿ ನೇಮಕವಾಯಿತು. 1966ರಲ್ಲಿ ಅದು ಕಾನೂನು ಸಡಿಲಿಸಲು ಶಿಫಾರಸು ಮಾಡಿತು. ಬ್ರಿಟನ್ನಿನ ಗರ್ಭಪಾತ ಕಾಯಿದೆಯೂ ಇದಾದ ಮೇಲೆ, 1967ರಲ್ಲಿ ಬಂತು. 1971ರ ಆಗಸ್ಟಿನಲ್ಲಿ ಭಾರತದ ಕಾಯಿದೆಗೆ ಅಂಕಿತ ಬಿದ್ದು, 1972ರ ಏಪ್ರಿಲ್ 1ರಿಂದ ಅದು ಜಾರಿಯಾಯಿತು.

ಈ ಕಾಯಿದೆ ಹೆಣ್ಣಿಗೆ ಹಕ್ಕು ಕೊಡಲಿಲ್ಲ, ವೈದ್ಯರಿಗೆ ರಕ್ಷಣೆ ಕೊಟ್ಟಿತು. ಮೂಲ ಅಪರಾಧವನ್ನು ಕಿತ್ತುಹಾಕದೆ, ಇಂತಿಂಥ ಕಾರಣಕ್ಕೆ ಇಂತಿಂಥ ವೈದ್ಯರು ಮಾಡಿದರೆ ಅಪರಾಧವಲ್ಲ ಎಂದಷ್ಟೇ ಹೇಳಿತು. ಹನ್ನೆರಡು ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು, ಇಪ್ಪತ್ತು ವಾರದವರೆಗೆ ಇಬ್ಬರದು ಬೇಕು. ಗರ್ಭನಿರೋಧಕ ಕೈಕೊಟ್ಟದ್ದನ್ನು ಕಾರಣವಾಗಿ ಹೇಳಿಕೊಳ್ಳಲು ಮದುವೆಯಾದವರಿಗೆ ಮಾತ್ರ ಅವಕಾಶ. ಇಂದಿನ ತೊಡಕುಗಳಲ್ಲಿ ಬಹುಪಾಲು ಈ ರಚನೆಯಿಂದಲೇ ಹುಟ್ಟಿದವು.

ಆದರೂ ಇದು ಕೇಂದ್ರದ ಕಾಯಿದೆಯಾದದ್ದು ದೊಡ್ಡ ಉಪಕಾರ. ಸಂವಿಧಾನದಲ್ಲಿ ಸಾರ್ವಜನಿಕ ಆರೋಗ್ಯ ಮತ್ತು ಆಸ್ಪತ್ರೆಗಳು ರಾಜ್ಯ ಪಟ್ಟಿಗೆ ಸೇರಿವೆ, ಅಪರಾಧ ಕಾನೂನು ಸಮವರ್ತಿ ಪಟ್ಟಿಗೆ. ಸಂಸತ್ತು ಕೈಹಾಕದೆ ಬಿಟ್ಟಿದ್ದರೆ ಒಂದೊಂದು ವಿಧಾನಸಭೆ ಒಂದೊಂದು ದಾರಿ ಹಿಡಿಯಬಹುದಿತ್ತು. ಜಮ್ಮು ಮತ್ತು ಕಾಶ್ಮೀರದ ಮಟ್ಟಿಗೆ ಹಾಗೆಯೇ ಆಯಿತು. 1971ರ ಕಾಯಿದೆ ಅಲ್ಲಿಗೆ ಅನ್ವಯಿಸದೆ, 2019ರವರೆಗೂ ಅಲ್ಲಿ ಪ್ರತ್ಯೇಕ ವ್ಯವಸ್ಥೆಯಿತ್ತು. ಭ್ರೂಣಲಿಂಗ ಪತ್ತೆಯ ವಿಷಯದಲ್ಲೂ ಮೊದಲು ಹೆಜ್ಜೆಯಿಟ್ಟದ್ದು ಒಂದು ರಾಜ್ಯವೇ. ಮಹಾರಾಷ್ಟ್ರ 1988ರಲ್ಲಿ ಅದಕ್ಕೆ ಕಡಿವಾಣ ಹಾಕುವ ಕಾಯಿದೆ ತಂದಿತು. ದೇಶಕ್ಕೆಲ್ಲ ಒಂದು ಕಾಯಿದೆ ಆದದ್ದು 1994ರಲ್ಲಿ, ಜಾರಿಯಾದದ್ದು 1996ರ ಜನವರಿಯಲ್ಲಿ. ನಡುವಿನ ಅಷ್ಟೂ ವರ್ಷ ರಾಜ್ಯದ ಕಾಯಿದೆಯ ಹಿಡಿತ ಆ ರಾಜ್ಯದ ಗಡಿಯವರೆಗೆ ಮಾತ್ರ.

ಗಾಲ್ವೆಯಲ್ಲಿ ಬೆಳಗಾವಿಯ ಮಗಳು

ಕಾನೂನು ಬೇರೆಯಾದರೆ ಏನಾಗುತ್ತದೆ ಎಂಬುದನ್ನು ಕನ್ನಡಿಗರು ಅತಿ ಹತ್ತಿರದಿಂದ ಕಂಡದ್ದು 2012ರಲ್ಲಿ. ಬೆಳಗಾವಿಯ ದಂತವೈದ್ಯೆ ಸವಿತಾ ಹಾಲಪ್ಪನವರ್ ಗಂಡನೊಂದಿಗೆ ಐರ್ಲೆಂಡಿನ ಗಾಲ್ವೆಯಲ್ಲಿದ್ದರು. ವಯಸ್ಸು 31, ಹದಿನೇಳು ವಾರದ ಬಸುರಿ. ಅಕ್ಟೋಬರ್ 21ರಂದು ಬೆನ್ನುನೋವೆಂದು ಆಸ್ಪತ್ರೆಗೆ ಹೋದರು. ಗರ್ಭ ಉಳಿಯುವುದಿಲ್ಲ ಎಂದು ವೈದ್ಯರಿಗೆ ಖಚಿತವಾಗಿತ್ತು. ತೆಗೆದುಬಿಡಿ ಎಂದು ಸವಿತಾ ಕೇಳಿಕೊಂಡರು. ಭ್ರೂಣದ ಎದೆಬಡಿತ ಇನ್ನೂ ಇದೆ, ಅದಿರುವವರೆಗೆ ಕಾನೂನು ಬಿಡುವುದಿಲ್ಲ ಎಂಬ ಉತ್ತರ ಬಂತು. ಇದು ಕ್ಯಾಥೊಲಿಕ್ ದೇಶ ಎಂಬ ಮಾತು ಕೂಡ ಆಕೆಯ ಹಾಸಿಗೆಯ ಬಳಿ ಬಂದಿತ್ತೆಂದು ಮುಂದಿನ ವಿಚಾರಣೆಯಲ್ಲಿ ಒಬ್ಬ ಸೂಲಗಿತ್ತಿ ಒಪ್ಪಿಕೊಂಡರು. ಅಷ್ಟರಲ್ಲಿ ನಂಜು ಮೈಗೆಲ್ಲ ಏರಿತ್ತು. ಅಕ್ಟೋಬರ್ 28ರಂದು ಸವಿತಾ ತೀರಿಕೊಂಡರು.

ಆ ಹೊತ್ತಿಗೆ ಭಾರತದಲ್ಲಿ ಜಾರಿಯಲ್ಲಿದ್ದ 1971ರ ಕಾಯಿದೆಯ ಪ್ರಕಾರ ಹದಿನೇಳು ವಾರದ ಗರ್ಭವನ್ನು, ತಾಯಿಯ ಆರೋಗ್ಯಕ್ಕೆ ಗಂಭೀರ ಅಪಾಯವಿದ್ದಲ್ಲಿ, ಇಬ್ಬರು ವೈದ್ಯರ ಅಭಿಪ್ರಾಯದ ಮೇಲೆ ತೆಗೆಯಬಹುದಿತ್ತು. ಜೀವಕ್ಕೇ ಕುತ್ತು ಬಂದಿದ್ದರೆ ಐದನೆಯ ಕಲಮಿನಂತೆ ಒಬ್ಬ ವೈದ್ಯರ ತೀರ್ಮಾನ ಸಾಕಿತ್ತು, ವಾರಗಳ ಲೆಕ್ಕವೂ ಇರಲಿಲ್ಲ. ಆಕೆ ಹುಬ್ಬಳ್ಳಿಯಲ್ಲೋ ಬೆಳಗಾವಿಯಲ್ಲೋ ಇದ್ದಿದ್ದರೆ ಕಾನೂನು ವೈದ್ಯರ ಕೈ ಕಟ್ಟುತ್ತಿರಲಿಲ್ಲ. ಐರ್ಲೆಂಡಿನಲ್ಲಿ 1983ರ ಎಂಟನೆಯ ತಿದ್ದುಪಡಿ ಹುಟ್ಟದ ಕೂಸಿನ ಜೀವವನ್ನೂ ತಾಯಿಯ ಜೀವವನ್ನೂ ಸಮವಾಗಿ ತೂಗಿತ್ತು. ಸವಿತಾ ಅವರ ಸಾವು ಅಲ್ಲಿನ ಜನರನ್ನು ಬೀದಿಗಿಳಿಸಿತು. 2013ರಲ್ಲಿ ಸಣ್ಣ ಸಡಿಲಿಕೆ ಬಂತು. 2018ರ ಮೇ 25ರ ಜನಮತಗಣನೆಗೆ ಮುನ್ನ ಮಗಳನ್ನು ನೆನೆದು ಮತ ಹಾಕಿರೆಂದು ಬೆಳಗಾವಿಯಿಂದ ತಂದೆ ಅಂದಾನಪ್ಪ ಯಳಗಿ ಕೇಳಿಕೊಂಡರು. ಶೇ. 66.4 ಮತದಾರರು ತಿದ್ದುಪಡಿಯನ್ನು ತೆಗೆದುಹಾಕಿದರು. 2019ರ ಜನವರಿ 1ರಿಂದ ಅಲ್ಲಿ ಹನ್ನೆರಡು ವಾರದವರೆಗೆ ಕಾರಣ ಕೇಳದೆ ಗರ್ಭಪಾತಕ್ಕೆ ಅವಕಾಶವಿದೆ.

ಅಮೆರಿಕ ಈ ದಾರಿಗೆ ಬೆನ್ನು ತಿರುಗಿಸಿತು. ಡಾಬ್ಸ್ ತೀರ್ಪಿನ ನಂತರ ಟೆಕ್ಸಾಸ್ ಹೆಚ್ಚುಕಡಿಮೆ ಪೂರ್ತಿ ನಿಷೇಧ ಹೇರಿತು. ಕ್ಯಾಲಿಫೋರ್ನಿಯಾ 2022ರ ನವೆಂಬರಿನಲ್ಲಿ ಇದೇ ಹಕ್ಕನ್ನು ತನ್ನ ಸಂವಿಧಾನಕ್ಕೆ ಸೇರಿಸಿತು. ಡಲ್ಲಾಸಿನಲ್ಲಿರುವ ಕನ್ನಡದ ಹೆಣ್ಣುಮಗಳಿಗೂ ಸ್ಯಾನ್ ಹೋಸೆಯಲ್ಲಿರುವ ಆಕೆಯ ತಂಗಿಗೂ ಈಗ ಒಂದೇ ದೇಶದಲ್ಲಿ ಎರಡು ಕಾನೂನು.

ಜಿಲ್ಲೆಯೊಳಗಿನ ಅಂತರ

ಹಾವೇರಿ ಪ್ರತ್ಯೇಕ ಜಿಲ್ಲೆಯಾದದ್ದು 1997ರ ಆಗಸ್ಟ್ 24ರಂದು. ಖಾಸಗಿ ಆಸ್ಪತ್ರೆಗೆ ಗರ್ಭಪಾತ ಮಾಡುವ ಮಂಜೂರಾತಿ ಬೇಕೆಂದರೆ ಆಗಲೂ ರಾಜ್ಯ ಸರ್ಕಾರದ ಬಾಗಿಲಿಗೆ ಹೋಗಬೇಕಿತ್ತು. 2002ರ ತಿದ್ದುಪಡಿ ಮತ್ತು 2003ರ ನಿಯಮಗಳು ಆ ಅಧಿಕಾರವನ್ನು ಜಿಲ್ಲಾ ಆರೋಗ್ಯಾಧಿಕಾರಿಯ ನೇತೃತ್ವದ ಜಿಲ್ಲಾ ಸಮಿತಿಗೆ ಕೊಟ್ಟವು. 2002ರಲ್ಲೇ ಗರ್ಭಪಾತದ ಮಿಫೆಪ್ರಿಸ್ಟೋನ್ ಗುಳಿಗೆಗೂ ಅನುಮತಿ ಸಿಕ್ಕಿತು. 2015ರಲ್ಲಿ ದೇಶದಲ್ಲಿ ಸುಮಾರು 1 ಕೋಟಿ 56 ಲಕ್ಷ ಗರ್ಭಪಾತಗಳಾದವೆಂದೂ, ಅವುಗಳಲ್ಲಿ ಶೇ. 73ರಷ್ಟು ಆಸ್ಪತ್ರೆಯ ಹೊರಗೆ ಗುಳಿಗೆಗಳಿಂದಲೇ ನಡೆದವೆಂದೂ ಒಂದು ದೊಡ್ಡ ಅಧ್ಯಯನ ಅಂದಾಜಿಸಿದೆ.

ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವವರಿಗೂ, ರಾಣೇಬೆನ್ನೂರಿನ ಬೀಜೋತ್ಪಾದನೆಯ ಹೊಲಗಳಲ್ಲಿ ಹೂವಿಗೆ ಹೂ ಮುಟ್ಟಿಸಿ ಕ್ರಾಸಿಂಗ್ ಮಾಡುವವರಿಗೂ ದಿನಗೂಲಿ ತಪ್ಪಿದರೆ ಒಲೆ ಹೊತ್ತುವುದು ಕಷ್ಟ. ತಿಂಗಳು ನಿಂತದ್ದು ಗೊತ್ತಾದ ಮೇಲೆ ದವಾಖಾನೆಗೆ ಒಂದು ದಿನ, ಸ್ಕ್ಯಾನಿಂಗಿಗೆ ಇನ್ನೊಂದು ದಿನ, ಡಾಕ್ಟರು ಇಲ್ಲವೆಂದರೆ ಮತ್ತೊಂದು ದಿನ ಎಂದಾದಾಗ ವಾರಗಳು ಉರುಳುತ್ತವೆ. ದೊಡ್ಡಾಸ್ಪತ್ರೆ ಬೇಕಾದರೆ ಹಾವೇರಿಯವರು ಹುಬ್ಬಳ್ಳಿಯ ಬಸ್ಸು ಹತ್ತುತ್ತಾರೆ, ರಾಣೇಬೆನ್ನೂರಿನವರು ಹೊಳೆ ದಾಟಿ ದಾವಣಗೆರೆಗೆ ಹೋಗುತ್ತಾರೆ. ಕಾಯಿದೆಯ ವಾರಗಳ ಮಿತಿ ಮೀರಿ ಕೋರ್ಟಿನ ಮೊರೆ ಹೋಗಬೇಕಾದರೆ ಹೈಕೋರ್ಟಿನ ಧಾರವಾಡ ಪೀಠ. ಆ ಪೀಠವೂ 2008ರ ಜುಲೈವರೆಗೆ ಇರಲಿಲ್ಲ. ಅಲ್ಲಿಯವರೆಗೆ ಬೆಂಗಳೂರೇ ಗತಿ.

ಕಾಯಿದೆಯ ‘ಸಿ’ ನಮೂನೆ ಒಂದೇ ಪುಟದ ಒಪ್ಪಿಗೆ ಪತ್ರ. ಹೆಸರು, ವಯಸ್ಸು, ವಿಳಾಸ, ನನ್ನ ಗರ್ಭವನ್ನು ಇಂಥ ಸ್ಥಳದಲ್ಲಿ ತೆಗೆಯಲು ಒಪ್ಪಿದ್ದೇನೆ ಎಂಬ ಒಂದು ಸಾಲು, ಊರು, ದಿನಾಂಕ, ಸಹಿ. ಕೆಳಗೆ ಪೋಷಕರ ಭಾಗವಿದೆ. ಅದು ಹದಿನೆಂಟು ತುಂಬದವರಿಗೆ ಮತ್ತು ಮಾನಸಿಕ ಕಾಯಿಲೆಯವರಿಗೆ ಮಾತ್ರ. ಗಂಡನ ಸಹಿಗೆ ಆ ಹಾಳೆಯಲ್ಲಿ ಜಾಗವೇ ಇಲ್ಲ. ಹೀಗಿದ್ದೂ ಯಜಮಾನರನ್ನು ಕರೆದುಕೊಂಡು ಬಾ ಎನ್ನುವ ದವಾಖಾನೆಗಳು ಇಂದಿಗೂ ಇವೆ. ಹೆಂಗಸಿನ ಹೆಸರು ಹೊರಬೀಳಬಾರದೆಂದು ದಾಖಲಾತಿ ಪುಸ್ತಕವನ್ನು ಗುಪ್ತ ದಾಖಲೆ ಎಂದೇ ನಿಯಮ ಕರೆಯುತ್ತದೆ. ಇದು ಗೊತ್ತಿಲ್ಲದೆ, ಊರಿಗೆಲ್ಲ ಸುದ್ದಿಯಾದೀತೆಂಬ ಅಂಜಿಕೆಯಿಂದಲೇ ಎಷ್ಟೋ ಜನ ಔಷಧಿ ಅಂಗಡಿಯ ಗುಳಿಗೆ ಕಿಟ್ಟಿಗೆ ಕೈಯೊಡ್ಡುತ್ತಾರೆ.

ಒಪ್ಪಿಗೆಯ ಬೆಲೆ ಏನೆಂಬುದನ್ನು ರಾಣೇಬೆನ್ನೂರು ಇನ್ನೊಂದು ಕಹಿ ಅನುಭವದಿಂದಲೂ ಬಲ್ಲದು. ಅಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲಿ ಅಗತ್ಯವಿಲ್ಲದೆ ತಮ್ಮ ಗರ್ಭಕೋಶ ತೆಗೆಯಲಾಯಿತು ಎಂದು ತಾಂಡಾಗಳ ಲಂಬಾಣಿ ಹೆಂಗಸರೂ ಸೇರಿ ಅನೇಕರು ದೂರಿದರು, ತನಿಖೆಗಳು ನಡೆದವು, ಪರಿಹಾರಕ್ಕಾಗಿ ಅವರು ವರ್ಷಗಟ್ಟಲೆ ಹೋರಾಡಬೇಕಾಯಿತು. ಬೇಡದ ಬಸಿರನ್ನು ಹೊರಿಸುವುದೂ ಬೇಕಾದ ಗರ್ಭಕೋಶವನ್ನು ಕೀಳುವುದೂ ಹೆಣ್ಣಿನ ಮಾತನ್ನು ಕೇಳಿಸಿಕೊಳ್ಳದ ಒಂದೇ ವ್ಯವಸ್ಥೆಯ ಕೆಲಸ.

2021ರ ನಂತರ

ಇನ್ನೊಬ್ಬ ಕನ್ನಡಿಗರ ಹೆಸರು ಈ ಇತಿಹಾಸದಲ್ಲಿ ಬರುತ್ತದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಆಧಾರ್ ವಿರುದ್ಧ ಹೂಡಿದ ಪ್ರಕರಣದಲ್ಲಿ 2017ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದಿತು. ಹೆರುವ ಅಥವಾ ಹೆರದಿರುವ ನಿರ್ಧಾರಕ್ಕೂ ಅದರ ಬಲ ಸಿಕ್ಕಿತು. 2021ರ ತಿದ್ದುಪಡಿ ಇಪ್ಪತ್ತು ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕೆಂದಿತು. ಅತ್ಯಾಚಾರಕ್ಕೆ ಒಳಗಾದವರು, ಹದಿನೆಂಟು ತುಂಬದವರು, ಬಸಿರಿರುವಾಗಲೇ ವಿಧವೆಯಾದವರು ಅಥವಾ ವಿಚ್ಛೇದನವಾದವರು ಮೊದಲಾದವರಿಗೆ 24 ವಾರದವರೆಗೆ ಅವಕಾಶವಾಯಿತು. ಗಂಡ ಎಂಬಲ್ಲಿ ಸಂಗಾತಿ ಎಂಬ ಮಾತು ಬಂತು. 2022ರ ಸೆಪ್ಟೆಂಬರ್ 29ರಂದು ಸುಪ್ರೀಂ ಕೋರ್ಟ್ ಮದುವೆಯಾಗದವರಿಗೂ ಇದೇ ಅವಕಾಶ ಉಂಟೆಂದು ತೀರ್ಪಿತ್ತಿತು. ಅಪ್ರಾಪ್ತೆಯ ಬಗ್ಗೆ, ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯಿದೆಯಂತೆ ಪೊಲೀಸರಿಗೆ ತಿಳಿಸುವಾಗ, ಹುಡುಗಿ ಅಥವಾ ಪೋಷಕರು ಕೇಳಿಕೊಂಡರೆ, ವೈದ್ಯರು ಆಕೆಯ ಗುರುತು ಹೇಳಬೇಕಿಲ್ಲ ಎಂದೂ ಹೇಳಿತು. ಬಾಲ್ಯವಿವಾಹ ಇನ್ನೂ ನಿಲ್ಲದ ಉತ್ತರ ಕರ್ನಾಟಕಕ್ಕೆ ಈ ಕೊನೆಯ ಮಾತು ಬಹಳ ದೊಡ್ಡದು.

ಇನ್ನೊಂದು ಕಡೆ ಹೆಣ್ಣುಭ್ರೂಣ ಹತ್ಯೆ ನಿಂತಿಲ್ಲ. 2017ರಲ್ಲಿ ಸಾಂಗ್ಲಿ ಜಿಲ್ಲೆಯ ಮ್ಹೈಸಾಳದಲ್ಲಿ 19 ಭ್ರೂಣಗಳು ಸಿಕ್ಕವು, 2023ರಲ್ಲಿ ಮಂಡ್ಯದ ಆಲೆಮನೆಯೊಂದರಲ್ಲಿ ನಡೆಯುತ್ತಿದ್ದ ಸ್ಕ್ಯಾನಿಂಗ್ ದಂಧೆ ಬಯಲಾಯಿತು. ಇಂಥ ಪ್ರಕರಣ ಬೆಳಕಿಗೆ ಬಂದಾಗಲೆಲ್ಲ ತಪಾಸಣೆ ಬಿಗಿಯಾಗುತ್ತದೆ. ಬಿಗಿಯಾಗಲೇಬೇಕು. ಆದರೆ ಅದಕ್ಕೆ ಹೆದರಿ ಕಾನೂನುಬದ್ಧ ಗರ್ಭಪಾತವನ್ನೂ ಮಾಡದೆ ಕೈಚೆಲ್ಲುವ ವೈದ್ಯರಿಂದ ತೊಂದರೆಗೆ ಸಿಕ್ಕುವವರು ಬಡ ಹೆಂಗಸರೇ.

2024ರ ಜುಲೈ 1ರಂದು ಹಳೆಯ ದಂಡ ಸಂಹಿತೆ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂತು. 312ನೆಯ ಕಲಮು 88ನೆಯದಾಯಿತು. ಬಸಿರು ಕಳೆದುಕೊಂಡ ಹೆಂಗಸೂ ಅಪರಾಧಿ ಎಂಬ ವಿವರಣೆ ಹಾಗೆಯೇ ಉಳಿಯಿತು. ಆ ಕಲಮು ಇರುವವರೆಗೆ 1971ರ ಕಾಯಿದೆ ಸಂಸತ್ತು ಕೊಟ್ಟ ವಿನಾಯಿತಿ ಮಾತ್ರ. ಅಲ್ಲಿಯವರೆಗೆ ಈ ಸೀಮೆಯ ಹೆಣ್ಣುಮಕ್ಕಳೂ ಆಶಾ ಕಾರ್ಯಕರ್ತೆಯರೂ ತಿಳಿದಿರಬೇಕಾದದ್ದು ಇಷ್ಟು: ಹದಿನೆಂಟು ತುಂಬಿದವಳಿಗೆ ತನ್ನ ಸಹಿಯೇ ಸಾಕು. ಇಪ್ಪತ್ತು ವಾರದೊಳಗೆ ಕಾನೂನು ಕೇಳುವುದು ಒಬ್ಬ ಅರ್ಹ ವೈದ್ಯರ ಅಭಿಪ್ರಾಯವನ್ನು ಮಾತ್ರ. ಗಂಡನ ಸಹಿ ಬೇಕು ಎಂದು ಯಾರಾದರೂ ಹೇಳಿದರೆ, ‘ಸಿ’ ನಮೂನೆಯ ಹಾಳೆ ತೋರಿಸಿ ಎಂದು ಕೇಳಿ.